ಕೆಂಚಿಯ ಚಳಿಗಾಲ

ದೀಪಾವಳಿ ಮುಗಿದು ವಾರ ಕಳೆದಿತ್ತು. ಅಕ್ಕೋಳದ ಕಾಕಾಸಾಹೇಬರ ಹೊಲದಲ್ಲಿ ನಾಲ್ಕು ದಿನ ಬೀಡುಬಿಟ್ಟಿದ್ದ ಮಲಕಾರಿಯ ಕುರಿಹಿಂಡು ಘಟ್ಟ ಇಳಿಯಲು ಹೊರಟು ನಿಂತಿತ್ತು. ಮಲಕಾರಿ ರಾಯಬಾಗದ ಕಡೆಯ ಕುರುಬ. ಪ್ರತಿವರ್ಷ ಚಳಿಗಾಲಕ್ಕೆ ಕೊಂಕಣಕ್ಕೆ ಹೋಗಿ, ಯುಗಾದಿಯ ಹೊತ್ತಿಗೆ ಇದೇ ದಾರಿಯಲ್ಲಿ ಮರಳುತ್ತಿದ್ದ. ಅವನ ಗುಡಾರ, ಪಾತ್ರೆ, ನಡೆಯಲಾರದ ಕುರಿಮರಿಗಳು ಎಲ್ಲವನ್ನೂ ಹೊರುತ್ತಿದ್ದದ್ದು ಕೆಂಚಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. 1988ರ ಆ ಬೆಳಿಗ್ಗೆ ಕೆಂಚಿ ಮುಂದಿನ ಎಡಗಾಲನ್ನು ನೆಲಕ್ಕೆ ಊರಲಾರದೆ ಮೂರೇ ಕಾಲಿನ ಮೇಲೆ ನಿಂತಿತ್ತು.

"ಘಟ್ಟದಾಗ ಇದು ಬಿದ್ರ ಏಳೂದಿಲ್ರಿ ಅಕ್ಕಾರ," ಎಂದು ಮಲಕಾರಿ ಕಾಕಾಸಾಹೇಬರ ಹೆಂಡತಿ ತಾರಾಬಾಯಿಗೆ ಹೇಳಿದ. "ಯುಗಾದಿತನಾ ಇಟ್ಕೋರಿ. ಉಳೀತಂದ್ರ ಬಂದು ಒಯ್ತೀನಿ. ಉಳೀಲಿಲ್ಲಂದ್ರ ನನ್ನ ನಸೀಬ. ನಿಮ್ಮ ಮ್ಯಾಲ ಮಾತಿಲ್ಲ."

ತಾರಾಬಾಯಿಗೆ ನಲವತ್ತೈದು ವರ್ಷ. ಎಮ್ಮೆ, ಎತ್ತುಗಳ ನಡುವೆಯೇ ಬೆಳೆದವಳಾದರೂ ಕುದುರೆಯನ್ನು ಒಮ್ಮೆಯೂ ಮುಟ್ಟಿ ನೋಡಿದವಳಲ್ಲ. ಪಕ್ಕೆಲುಬು ಎಣಿಸುವಂತಿದ್ದ ಆ ಪ್ರಾಣಿ ಅವಳ ಭುಜದ ಹತ್ತಿರ ಮೂತಿ ತಂದು ಬೆಚ್ಚಗೆ ಉಸಿರು ಬಿಟ್ಟಿತು. ಅಷ್ಟೇ. "ಇರ್ಲಿ ಬಿಡು," ಎಂದುಬಿಟ್ಟಳು.

ಕಾಕಾಸಾಹೇಬ ಚಿಕ್ಕೋಡಿಗೆ ಹೋದವರು ಮಧ್ಯಾಹ್ನ ಮನೆಗೆ ಬಂದರೆ ದನದ ಕೊಟ್ಟಿಗೆಯ ಮುಂದಿನ ಬೇವಿನ ಗಿಡಕ್ಕೆ ಕುದುರೆ ಕಟ್ಟಿತ್ತು. ಅವರಿಗೆ ಕುದುರೆ ಎಂದರೆ ಆಗದು. ಅದಕ್ಕೆ ಕಾರಣವಿತ್ತು. ಅವರ ಮದುವೆಯ ಮೆರವಣಿಗೆಯಲ್ಲಿ ಬಾಜಾಭಜಂತ್ರಿಯ ಸದ್ದಿಗೆ ಬೆದರಿದ ಕುದುರೆ, ಹೆಣ್ಣಿನ ಮನೆಯ ಬಾಗಿಲಲ್ಲೇ ಅವರನ್ನು ಕೆಳಗೆ ಕೆಡವಿತ್ತು. ಮದುಮಗಳು ಕಿಟಕಿಯಿಂದ ಅದನ್ನು ನೋಡಿ ನಕ್ಕಿದ್ದಳು. ಇಪ್ಪತ್ತೆಂಟು ವರ್ಷವಾದರೂ ಆ ನಗು ಅವರಿಗೆ ಮರೆತಿರಲಿಲ್ಲ.

"ಏ ತಾರಾ, ಯಾರ್ನ ಕೇಳಿ ಇದನ್ನ ಕಟ್ಟಿಸ್ಕೊಂಡಿ?"

"ಕೇಳಾಕ ನೀವ್ ಎಲ್ಲಿದ್ರಿ? ಕುಂಟ ಕುದರಿ ಐತಿ, ಕೆಡವತೈತಿ ಅಂತ ಅಂಜಬ್ಯಾಡ್ರಿ."

ಕಾಕಾಸಾಹೇಬ ಕುದುರೆಯಿಂದ ದೂರ ಸರಿದು, ಬಳಸಿಕೊಂಡು ಒಳಗೆ ಹೋದರು.

ಎಮ್ಮೆಗೆ ಹಾಕಿದ್ದನ್ನೇ ತಾರಾಬಾಯಿ ಕುದುರೆಗೂ ಹಾಕಿದಳು. ಕಬ್ಬಿನ ಕಟಾವು ನಡೆದಿದ್ದ ದಿನಗಳವು. ಕಬ್ಬಿನ ತುದಿಯ ಹಸಿ ಸೋಗೆಗೆ ಬರವಿರಲಿಲ್ಲ. ಹತ್ತಿಕಾಳಿನ ಹಿಂಡಿಯನ್ನೂ ನೆನೆಸಿಟ್ಟಳು. ಕೆಂಚಿ ಸೋಗೆಯನ್ನು ಎರಡು ಬಾಯಿ ತಿಂದು ಬಿಟ್ಟಿತು. ಹಿಂಡಿಯನ್ನು ಮೂಸಿ ಮುಖ ತಿರುಗಿಸಿತು. ಮೂರನೆಯ ದಿನ ಅದರ ಕಣ್ಣು ಇನ್ನಷ್ಟು ಗುಳಿಬಿದ್ದಂತೆ ಕಂಡಿತು. ಆಗ ತಾರಾಬಾಯಿಗೆ ಅಲ್ಲಾಬಕ್ಷನ ನೆನಪಾಯಿತು.

ಅಲ್ಲಾಬಕ್ಷ ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಟಾಂಗಾ ಹೊಡೆದವನು. ತಾರಾಬಾಯಿ ಹೊಸ ಸೊಸೆಯಾಗಿ ಬಂದಾಗಿನಿಂದ ಸಂತೆಗೆ ಹೋದಾಗಲೆಲ್ಲ ಅವನ ಟಾಂಗಾದಲ್ಲೇ ಕೂರುತ್ತಿದ್ದಳು; ಅವನು ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ. ಆಟೋರಿಕ್ಷಾಗಳು ಬಂದ ಮೇಲೆ ಟಾಂಗಾಕ್ಕೆ ಕೂರುವವರೇ ಇಲ್ಲದಾಗಿ, ಅವನು ಎರಡು ವರ್ಷದ ಹಿಂದೆ ಕುದುರೆ, ಗಾಡಿ ಎರಡನ್ನೂ ಮಾರಿ ತಮ್ಮನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತೆಗೆಯುತ್ತ ಕುಳಿತಿದ್ದ. ಸಂತೆಯ ದಿನ ತಾರಾಬಾಯಿ ಅಂಗಡಿ ಹುಡುಕಿಕೊಂಡು ಹೋದಳು.

"ಆ ಕೆಲಸಾ ಬಿಟ್ಟೇನ್ರಿ ವೈನಿ," ಎಂದ ಅಲ್ಲಾಬಕ್ಷ, ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ. "ಕುದರಿ ಮಾತ ನನ್ನ ಮುಂದ ತಗೀಬ್ಯಾಡ್ರಿ."

"ಆತು, ತಗಿಯೂದಿಲ್ಲ. ಕಾಲ ಊರವಲ್ದು, ಪಾಪ. ಅದನ್ನ ಹೇಳಾಕ ಬಂದಿದ್ದೆ."

ಅಲ್ಲಾಬಕ್ಷ ಟ್ಯೂಬನ್ನು ನೀರಿನಲ್ಲಿ ಇನ್ನೊಂದು ಸುತ್ತು ತಿರುಗಿಸಿದ. ಆಮೇಲೆ ಕೇಳಿದ: "ಯಾವ ಕಾಲು?"

"ಮುಂದಿನ ಎಡಗಾಲು."

"ಗೊರಸ ಮುಟ್ಟಿದ್ರ ಬಿಸಿ ಹತ್ತತೈತೇನು?"

"ಮುಟ್ಟಾಕ ನನಗ ಧೈರ್ಯ ಇಲ್ಲೋ ಅಣ್ಣಾ."

"ತಿನ್ನಾಕ ಏನ್ ಹಾಕಾಕತ್ತೀರಿ?"

"ಹಸಿ ಸೋಗಿ, ಮತ್ತ ಹತ್ತಿಕಾಳ ಹಿಂಡಿ."

ಅಲ್ಲಾಬಕ್ಷನ ಕೈಯಿಂದ ಟ್ಯೂಬು ನೀರಿಗೆ ಬಿತ್ತು. "ಯಾ ಅಲ್ಲಾ! ಅದೇನ್ ಎಮ್ಮಿ ಅಂತ ತಿಳಿದೀರೇನ?" ಎಂದವನೇ ಕೈ ಒರೆಸಿಕೊಂಡು ಎದ್ದ. ತಮ್ಮನಿಗೆ ಒಂದು ಮಾತು ಹೇಳಿ ಅಕ್ಕೋಳದ ಬಸ್ಸಿಗೆ ಅವಳ ಜೊತೆ ಹತ್ತಿದ.

ಅವನು ಕೆಂಚಿಯ ಬಳಿಗೆ ನೇರವಾಗಿ ಹೋಗಲಿಲ್ಲ. ಹತ್ತು ಹೆಜ್ಜೆ ದೂರ ನಿಂತು ಮೆಲ್ಲಗೆ ಏನೋ ಮಾತಾಡಿದ. ಕುದುರೆ ಕಿವಿ ನಿಮಿರಿಸಿತು. ಆಮೇಲೆ ಹತ್ತಿರ ಹೋಗಿ ಕುತ್ತಿಗೆ ಸವರಿದ, ಭುಜದಿಂದ ಕೆಳಕ್ಕೆ ಕೈ ಇಳಿಸುತ್ತ ಬಂದು ಗೊರಸನ್ನು ಎತ್ತಿ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ. ಇನ್ನೂ ಜೇಬಿನಲ್ಲೇ ಇಟ್ಟುಕೊಂಡಿದ್ದ ಹಳೆಯ ಬಾಗಿದ ಚಾಕುವಿನಿಂದ ಕೆರೆದಾಗ ಒಳಗಿಂದ ಕಪ್ಪು ಕೀವು ಚಿಮ್ಮಿತು. ಎಲ್ಲೋ ಮುಳ್ಳು ಮುರಿದು ಒಳಗೇ ಉಳಿದಿತ್ತು.

"ಹೊಲಸ ಹೊರಗ ಬಂತು. ಇನ್ನ ಅಂಜಿಕಿ ಇಲ್ಲ," ಎಂದು ನಕ್ಕ. ಎರಡು ವರ್ಷದಲ್ಲಿ ಆ ಮನುಷ್ಯ ನಕ್ಕದ್ದೇ ಇಲ್ಲ ಎಂದು ಅವನ ಹೆಂಡತಿ ಕಮರುನ್ನಿಸಾ ನಂತರ ತಾರಾಬಾಯಿಗೆ ಹೇಳಿದಳು. ಆ ದಿನ ಮನೆಗೆ ಬಂದವನ ಅಂಗಿಯಿಂದ ಕುದುರೆಯ ವಾಸನೆ ಬಂದಾಗಲೇ ಅವಳಿಗೆ ಎಲ್ಲ ತಿಳಿಯಿತಂತೆ.

ಅಂದಿನಿಂದ ಅಲ್ಲಾಬಕ್ಷ ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಅಕ್ಕೋಳಕ್ಕೆ ಬರತೊಡಗಿದ. ಬೇವಿನೆಲೆ, ಉಪ್ಪು ಹಾಕಿ ಕಾಯಿಸಿದ ನೀರಿನಲ್ಲಿ ಗೊರಸು ನೆನೆಸುವುದು, ಅರಿಸಿನ ತುಂಬಿ ಗೋಣಿಬಟ್ಟೆ ಕಟ್ಟುವುದು ತಾರಾಬಾಯಿ ಕಲಿತಳು. ಒಣಗಿದ ಜೋಳದ ಕಣಿಕೆಯನ್ನು ಸಣ್ಣಗೆ ಕಡಿದು ಧೂಳು ಝಾಡಿಸಿ ಹಾಕಬೇಕು. ಹುರುಳಿಯನ್ನು ಬೇಯಿಸಿ, ಆರಿಸಿ, ಚಿಟಿಕೆ ಉಪ್ಪು, ನಿಂಬೆಗಾತ್ರದ ಬೆಲ್ಲ ಕಲಸಿ ದಿನಕ್ಕೆ ಎರಡು ಸಲ ಕೊಡಬೇಕು. ಚಳಿಯ ಬೆಳಿಗ್ಗೆ ಬಾವಿಯ ನೀರನ್ನು ತುಸು ಬಿಸಿ ಮಾಡಿಯೇ ಕುಡಿಸಬೇಕು. ಮಲಗಲು ಕೆಳಗೆ ಒಣ ರವದಿ ದಪ್ಪವಾಗಿ ಹಾಸಬೇಕು. ಕಬ್ಬು ಕಡಿದ ಹೊಲದಲ್ಲಿ ಒಣ ಎಲೆ ರಾಶಿ ರಾಶಿ ಬಿದ್ದಿರುವುದರಿಂದ ಅದಕ್ಕೆ ಏನೂ ತೊಂದರೆಯಾಗಲಿಲ್ಲ.

"ಸ್ವಲ್ಪ ಸ್ವಲ್ಪ, ಭಾಳ ಸಲ," ಎಂದು ಅಲ್ಲಾಬಕ್ಷ ಹೋಗುವಾಗಲೆಲ್ಲ ಹೇಳುತ್ತಿದ್ದ. "ಕುದರಿ ಹೊಟ್ಟಿ ಅಂದ್ರ ಸಣ್ಣ ಕೂಸಿನ ಹೊಟ್ಟಿ ಇದ್ದಂಗ್ರಿ ವೈನಿ."

ಡಿಸೆಂಬರಿನ ಚಳಿ ಬಿದ್ದಾಗ ಕಮರುನ್ನಿಸಾ ತಾನೇ ಬಂದಳು. ಹಳೆಯ ಸೀರೆ, ಲುಂಗಿಗಳನ್ನು ತುಂಡು ತುಂಡು ಜೋಡಿಸಿ ಹೊಲಿದ ದಪ್ಪ ಕೌದಿಯೊಂದು ಅವಳ ತಲೆಯ ಮೇಲಿತ್ತು. ಕುದುರೆಗೆಂದೇ ಎದೆಯ ಹತ್ತಿರ ಕಟ್ಟಲು ನಾಲ್ಕು ಪಟ್ಟಿ ಇಟ್ಟಿದ್ದಳು. ಕೆಂಪು, ಹಸಿರು, ಹಳದಿ ಚೌಕಗಳ ಆ ಕೌದಿ ಹೊದ್ದು ನಿಂತ ಕೆಂಚಿಯನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದರು. ಕಮರುನ್ನಿಸಾ ಮತ್ತು ತಾರಾಬಾಯಿ ಕಟ್ಟೆಯ ಮೇಲೆ ಕುಳಿತು ಬಿಸಿಲು ಕಾಯಿಸುತ್ತ ಹುರುಳಿಯ ಕಲ್ಲು ಆರಿಸಿದರು. ಸಂಜೆ ಬಸ್ಸಿನವರೆಗೆ ಅವರ ಮಾತು ಮುಗಿಯಲಿಲ್ಲ.

ಕುದುರೆಯ ಮೈ ತುಂಬುತ್ತ ಬಂತು. ತಿಕ್ಕಿ ತಿಕ್ಕಿ ಕೂದಲು ಹೊಳೆಯತೊಡಗಿತು. ಹೊಟ್ಟೆಯಂತೂ ಎರಡೂ ಕಡೆ ಉಬ್ಬಿತು. "ನೀ ಹಾಕೂದು ಜರಾ ಕಡಿಮಿ ಮಾಡು," ಎಂದು ಕಾಕಾಸಾಹೇಬ ಹೆಂಡತಿಗೆ ಗದರಿದರು. ಆದರೆ ತಾರಾಬಾಯಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಎತ್ತುಗಳಿಗೆ ಮೇವು ಹಾಕುವ ನೆಪದಲ್ಲಿ ಕಾಕಾಸಾಹೇಬ ಕೊಟ್ಟಿಗೆಗೆ ಹೋದಾಗ ಕೆಂಚಿ ಅವರ ಕೋಟಿನ ಜೇಬಿಗೆ ಮೂತಿ ಹಾಕುತ್ತಿತ್ತು. ಮೊದಮೊದಲು ಅವರು ಹೆದರಿ ಹಿಂದೆ ಸರಿದರು. ಆಮೇಲೆ ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಂಡೇ ಹೋಗತೊಡಗಿದರು.

ಎಳ್ಳಮಾವಾಸ್ಯೆಯ ದಿನ ಎಲ್ಲರೂ ಹೊಲದಲ್ಲಿ ಉಂಡರು. ಅಲ್ಲಾಬಕ್ಷನನ್ನೂ ಕಮರುನ್ನಿಸಾಳನ್ನೂ ಕರೆಸಿದ್ದರು. ಕಾಲು ಊರತೊಡಗಿದ್ದ ಕೆಂಚಿಯನ್ನೂ ಹೊಲಕ್ಕೆ ತಂದು ಕಟ್ಟಿದ್ದರು. ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವಾಗ ಕೆಂಚಿ ಇದ್ದಕ್ಕಿದ್ದಂತೆ ನೆಲ ಕೆರೆಯಿತು, ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು, ಮಲಗಿ ಹೊರಳಾಡತೊಡಗಿತು.

ಅಲ್ಲಾಬಕ್ಷ ಓಡಿಹೋಗಿ ಹಗ್ಗ ಹಿಡಿದು ಎಬ್ಬಿಸಿದ. ಹೊಟ್ಟೆಗೆ ಕಿವಿ ಇಟ್ಟ. "ಒಳಗ ಸಪ್ಪಳ ಇಲ್ಲ. ಹೊಟ್ಟಿ ಕಟ್ಟೇತಿ. ಏನ್ ತಿನಿಸೀರಿ?"

"ನಾ ಏನೂ ತಿನಿಸಿಲ್ಲ, ಆಣಿ ಮಾಡ್ತೀನಿ," ಎಂದಳು ತಾರಾಬಾಯಿ.

ಕಾಕಾಸಾಹೇಬ ಗಂಟಲು ಸರಿಮಾಡಿಕೊಂಡರು. "ನಾ ಒಂದ್ ಶೇಂಗಾ ಹೋಳಿಗಿ ಕೊಟ್ಟಿದ್ದೆ."

"ಒಂದ?"

"ಎರಡ ಇರಬೇಕು."

"ದಾದಾ, ಖರೆ ಹೇಳ್ರಿ!" ಎಂದ ಅಲ್ಲಾಬಕ್ಷ.

"ಬುಟ್ಟಿ ಖಾಲಿ ಆಗೇತಿ," ಎಂದರು ಕಾಕಾಸಾಹೇಬ ನೆಲ ನೋಡುತ್ತ. "ಹಬ್ಬದ ದಿನಾ ಐತಿ, ಪಾಪ ಅದೂ ತಿನ್ಲಿ ಅಂತ…"

ಕುದುರೆಯನ್ನು ಮಲಗಲು ಬಿಡಬಾರದು, ನಡೆಸುತ್ತಲೇ ಇರಬೇಕು ಎಂದ ಅಲ್ಲಾಬಕ್ಷ. ತಾರಾಬಾಯಿ ಅಜವಾನ, ಇಂಗು ಕಾಯಿಸಿ ತಂದಳು. ಅದನ್ನು ಬಾಟಲಿಯಿಂದ ಕುಡಿಸಿದರು. ಮೊದಲು ಅಲ್ಲಾಬಕ್ಷ ಕೆಂಚಿಯನ್ನು ಹೊಲದ ಸುತ್ತ ನಡೆಸಿದ. ಅವನು ದಣಿದಾಗ ಕಾಕಾಸಾಹೇಬ ಹಗ್ಗ ಹಿಡಿದರು. ಮದುವೆಯ ದಿನದ ನಂತರ ಅವರು ಕುದುರೆಯ ಹಗ್ಗ ಹಿಡಿದದ್ದು ಅದೇ ಮೊದಲು. ಹೊಸ ಧೋತರ ಮಣ್ಣಾಯಿತು, ಚಪ್ಪಲಿಯ ಬಾರು ಹರಿಯಿತು, ಬರಿಗಾಲಲ್ಲೇ ನಡೆದರು. "ನಡಿ ನನ್ನವ್ವ, ನಡಿ. ತಪ್ಪಾತು, ಇನ್ನ ಕೊಡೂದಿಲ್ಲ," ಎಂದು ದಾರಿಯುದ್ದಕ್ಕೂ ಅದರ ಕಿವಿಯಲ್ಲಿ ಹೇಳುತ್ತಿದ್ದರು. ಹೊತ್ತು ಪಡುವಣಕ್ಕೆ ಇಳಿಯಿತು.

ಬಿಸಿಲು ಕೆಂಪಾಗುವ ಹೊತ್ತಿಗೆ ಕೆಂಚಿ ನಿಂತಿತು. ಬಾಲ ಎತ್ತಿತು. ಗುಡುಗಿದಂಥ ಒಂದು ಸಪ್ಪಳ ಬಂತು, ಅದರ ಹಿಂದೆಯೇ ದಪ್ಪ ದಪ್ಪ ಲದ್ದಿ.

"ಹಾಕ್ತು! ತಾರಾ, ಹಾಕ್ತು!" ಎಂದು ಕಾಕಾಸಾಹೇಬ ಕೂಗಿದ್ದು ಪಕ್ಕದ ಹೊಲದವರಿಗೆಲ್ಲ ಕೇಳಿಸಿತು. ಅವರ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಕಮರುನ್ನಿಸಾ ನಕ್ಕು ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕೆಂಚಿ ಒಂದು ಬಕೆಟ್ ನೀರು ಕುಡಿಯಿತು. ಅಲ್ಲಾಬಕ್ಷ ಮತ್ತೊಮ್ಮೆ ಹೊಟ್ಟೆಗೆ ಅಂಗೈ ಇಟ್ಟು ನೋಡಲು ಬಾಗಿದ. ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ಮತ್ತೆ ಇಟ್ಟ. ಅವನ ಮುಖ ಬಿಳಿಚಿಕೊಂಡಿತು, ಆಮೇಲೆ ಅರಳಿತು.

"ವೈನಿ, ಇಲ್ಲಿ ಬರ್ರಿ. ಕೈ ಇಡ್ರಿ."

ತಾರಾಬಾಯಿ ಕೈ ಇಟ್ಟಳು. ಒಳಗಿಂದ ಯಾರೋ ಸಣ್ಣದಾಗಿ ಒದ್ದರು.

"ಗಬ್ಬ ಐತ್ರಿ ಇದು!" ಎಂದ ಅಲ್ಲಾಬಕ್ಷ. "ಮೂವತ್ತ ವರ್ಷ ಕುದರಿ ಸಾಕಿದಾಂವ ನಾ. ಎಲ್ಲಾ ಗಂಡ ಕುದರೀನ ಕಟ್ಟೀನಿ. ಹೆಣ್ಣ ಕುದರಿ ಹೊಟ್ಟಿ ನನಗ ತಿಳೀಲಿಲ್ಲ ನೋಡ್ರಿ. ನಿಮ್ಮ ಹುರಳಿಗೆ ಇಷ್ಟ ಉಬ್ಬೇತಿ ಅಂದ್ಕೊಂಡಿದ್ದೆ."

ತಾರಾಬಾಯಿ ಗಂಡನ ಕಡೆ ತಿರುಗಿದಳು. "ನಾ ಹಾಕೂದು ಕಡಿಮಿ ಮಾಡಬೇಕಂತಲ್ರಿ?"

"ಯಾರ ಅಂದ್ರು? ಎರಡ ಜೀವ ಐತಿ. ಹೆಚ್ಚ ಮಾಡು," ಎಂದರು ಕಾಕಾಸಾಹೇಬ.

ಮರುದಿನವೇ ಅವರು ತಮ್ಮ ಪ್ರೀತಿಯ ಎತ್ತುಗಳನ್ನು ಪಕ್ಕದ ತಗಡಿನ ಚಪ್ಪರಕ್ಕೆ ಕಟ್ಟಿ, ಕೊಟ್ಟಿಗೆಯ ಬೆಚ್ಚನೆಯ ಮೂಲೆಯನ್ನು ಕೆಂಚಿಗೆ ಬಿಟ್ಟುಕೊಟ್ಟರು. ಬಾವಿಯ ಬದುವಿನಲ್ಲಿ ಹಸಿಮೇವಿಗೆಂದು ಕುದುರೆ ಮೆಂತೆ ಬಿತ್ತಿದರು. ಗಾಳಿ ಬರುವ ಕಡೆಗೆ ಕಣಿಕೆಯ ಸಿವುಡು ಕಟ್ಟಿ ಮರೆ ಮಾಡಿದರು. ಕಾಲು ವಾಸಿಯಾಗಿದ್ದರಿಂದ ದಿನಾ ಸಂಜೆ ಕೆರೆಯವರೆಗೆ ತಾವೇ ನಡೆಸಿಕೊಂಡು ಹೋಗಿ ಬರುತ್ತಿದ್ದರು. ಜನ ಕೇಳಿದರೆ, "ಡಾಕ್ಟರು ನನಗ ಅಡ್ಯಾಡಾಕ ಹೇಳ್ಯಾರ," ಎನ್ನುತ್ತಿದ್ದರು.

ಮಾರ್ಚ್ ಬಂತು. ಕೆಚ್ಚಲು ತುಂಬಿ ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಂಡಾಗ ಅಲ್ಲಾಬಕ್ಷ ಹಾಸಿಗೆ ಸುತ್ತಿಕೊಂಡು ಅಕ್ಕೋಳಕ್ಕೇ ಬಂದುಬಿಟ್ಟ. ಮೂವರೂ ಸರದಿಯ ಮೇಲೆ ಐದು ದಿನ ಕಾದರು. ಕೆಂಚಿ ಮೆಲುಕು ಹಾಕದ ಎಮ್ಮೆಯಂತೆ ಸುಮ್ಮನೆ ನಿಂತೇ ಇತ್ತು. ಆರನೆಯ ದಿನ ಬೆಳಕು ಹರಿಯುವಾಗ ಅಲ್ಲಾಬಕ್ಷ ನಮಾಜಿಗೆಂದು ಕೈಕಾಲು ತೊಳೆಯಲು ಬಾವಿಗೆ ಹೋದ. ಕಾಕಾಸಾಹೇಬ ಹಲ್ಲುಜ್ಜಲು ಬೇವಿನ ಕಡ್ಡಿ ಮುರಿಯಲು ಹೋದರು. ತಾರಾಬಾಯಿ ಬಿಸಿನೀರಿನ ಬಕೆಟ್ ಹಿಡಿದು ಬಂದು ನೋಡಿದರೆ, ರವದಿಯ ಮೇಲೆ ಒದ್ದೆ ಒದ್ದೆಯಾದ ಮರಿಯೊಂದು ತನ್ನ ನಾಲ್ಕು ಉದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಕೆಂಚಿ ಅದನ್ನು ನೆಕ್ಕುತ್ತಿತ್ತು. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಹೆಣ್ಣು ಮರಿ.

"ಎಲ್ಲಾರೂ ಹ್ವಾದ ಮ್ಯಾಲ ಈದೈತಿ ನೋಡು, ಮರ್ಯಾದಸ್ತಿ," ಎಂದು ಅಲ್ಲಾಬಕ್ಷ ಒದ್ದೆ ಕೈಯಲ್ಲೇ ಓಡಿ ಬಂದ. ಮರಿ ಎರಡು ಸಲ ಬಿದ್ದು, ಮೂರನೆಯ ಸಲ ಎದ್ದು, ತಾಯಿಯ ಹೊಟ್ಟೆಯ ಬದಲು ಕಾಕಾಸಾಹೇಬರ ಧೋತರದಲ್ಲಿ ಹಾಲು ಹುಡುಕಿತು. ಅವರು ಮಿಸುಕಾಡದೆ ನಿಂತರು.

ಯುಗಾದಿಯಾಗಿ ಮೂರನೆಯ ದಿನಕ್ಕೆ ಮಲಕಾರಿಯ ಹಿಂಡು ಬಂತು. ಕುದುರೆ ಬದುಕಿದೆಯೋ ಇಲ್ಲವೋ ಎಂದು ಕೇಳಲೂ ಹಿಂಜರಿಯುತ್ತ ಅಂಗಳಕ್ಕೆ ಬಂದವನು, ಎದುರಿಗೆ ನಾಗಾಲೋಟದಲ್ಲಿ ಸುತ್ತು ಹಾಕುತ್ತಿದ್ದ ಮರಿಯನ್ನೂ ಮಿರಮಿರ ಮಿಂಚುತ್ತಿದ್ದ ಕೆಂಚಿಯನ್ನೂ ಕಂಡು ಕಂಬಳಿ ಸಮೇತ ನೆಲದ ಮೇಲೆ ಕುಳಿತುಬಿಟ್ಟ.

"ಇದು ನಂದ ಹೌದೇನ್ರಿ ಅಕ್ಕಾರ?"

ಕೆಂಚಿಯೇ ಉತ್ತರ ಹೇಳಿತು. ಕೆನೆಯುತ್ತ ಬಂದು ಅವನ ರುಮಾಲನ್ನು ಕಚ್ಚಿ ಎಳೆಯಿತು.

ಮಲಕಾರಿ ಎಂಟು ದಿನ ಅಲ್ಲೇ ಉಳಿದ. ಹೊರಡುವ ಹಿಂದಿನ ದಿನ, ಎಲ್ಲರೂ ಚಹಾ ಕುಡಿಯುವಾಗ, "ಮರಿ ಈಗ ತಾಯಿ ಕೂಡ ಬರ್ಲಿ. ಹಾಲ ಬಿಟ್ಟ ಮ್ಯಾಲ ದೀಪಾವಳಿಗೆ ತಂದ ಕಟ್ತೀನಿ. ಅದು ನಿಮ್ಮದು," ಎಂದ.

"ನಮ್ಮದಲ್ಲ, ಅಲ್ಲಾಬಕ್ಷಂದು," ಎಂದಳು ತಾರಾಬಾಯಿ.

"ನಂದ್ಯಾಕ್ರಿ? ಹುರಳಿ ನಿಮ್ಮದು, ಕೊಟಗಿ ನಿಮ್ಮದು," ಎಂದ ಅಲ್ಲಾಬಕ್ಷ. "ಮತ್ತ ನಿಪ್ಪಾಣ್ಯಾಗ ಕಟ್ಟಾಕ ನನಗ ಜಾಗಾನ ಇಲ್ಲ."

"ಇಲ್ಲೇ ಕಟ್ಟು," ಎಂದರು ಕಾಕಾಸಾಹೇಬ. "ಎತ್ತಿಗೆ ಹೊಸಾ ಚಪ್ಪರ ಹಾಕಾಕತ್ತೀನಿ. ನೀನೂ ಇಲ್ಲೇ ಬಾ. ಕಮರುನ್ನಿಸಾ ಬಂದ್ರ ತಾರಾಗೂ ಮಾತಿಗೆ ಜನ ಆಕ್ಕಾರ."

ಅಲ್ಲಾಬಕ್ಷ ಬೇಡವೆನ್ನಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು ಮರಿಯನ್ನು ನೋಡಿದ.

ಮಲಕಾರಿ ಮಾತಿನಂತೆ ನಡೆದುಕೊಂಡ. ಆ ದೀಪಾವಳಿಗೆ, ಗಟ್ಟಿಮುಟ್ಟಾಗಿ ಬೆಳೆದ ಮರಿ ಹೊಸ ಹಗ್ಗದಲ್ಲಿ ಅಕ್ಕೋಳಕ್ಕೆ ಬಂತು. ಅಷ್ಟರೊಳಗೆ ಅಲ್ಲಾಬಕ್ಷ ಮತ್ತು ಕಮರುನ್ನಿಸಾ ಕಾಕಾಸಾಹೇಬರ ಹೊಲದಂಚಿನ ಎರಡು ಕೋಣೆಯ ಮನೆಗೆ ಬಂದು ನೆಲೆಸಿದ್ದರು. ಮರಿಗೆ ಏನು ಹೆಸರಿಡಬೇಕೆಂದು ಗಂಡಸರಿಬ್ಬರೂ ವಾರಗಟ್ಟಲೆ ವಾದ ಮಾಡಿದರು. ಕಾಕಾಸಾಹೇಬ ರಾಣಿ ಎಂದರು, ಅಲ್ಲಾಬಕ್ಷ ಸಿತಾರಾ ಎಂದ. ಹೆಂಗಸರಿಬ್ಬರೂ ಅವರನ್ನು ಕೇಳದೆ "ಚುಕ್ಕಿ" ಎಂದು ಕರೆದು ಮೇವು ಹಾಕಿದರು. ಮರಿ ಆ ಹೆಸರಿಗೇ ಓಗೊಟ್ಟು ಓಡಿ ಬಂತು.