ನಾಟ್ ಎಲ್ಲಿ ಹಾಕಬೇಕು

"ಬಾಯಲ್ಲೇನು ದಾರದುಂಡೆ ಇಟ್ಕೊಂಡಿದೀಯೇನೇ, ಎಮ್ಮೆ? ಗಟ್ಟಿಯಾಗಿ ಹೇಳು! ಯೆಸ್ ಮೇಡಂ, ದಿ ಡೋರ್ ಈಸ್ ಓಪನ್!"

ಸೂಪರ್‌ವೈಸರ್ ಸ್ಕೇಲಿನಿಂದ ಮೇಜು ಕುಟ್ಟಿದ. ಗುಂಡಿ ಹೊಲಿಯುವವಳು ಹೇಳಿದಳು. ಅವಳ ಹಿಂದೆ ನಲವತ್ತು ಹೆಂಗಸರೂ ಹೇಳಿದರು. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯ ಮೇಡಂ ಶುಕ್ರವಾರ ಕಾರ್ಖಾನೆ ನೋಡಲು ಬರುವವಳಿದ್ದಳು. ಅದಕ್ಕೇ ಈ ಇಂಗ್ಲಿಷ್ ಪಾಠ. ನೀರಿದೆ, ಗಾಳಿಯಿದೆ, ಬಾಗಿಲು ತೆರೆದಿದೆ, ಎಲ್ಲದಕ್ಕೂ ಇದೆ ಎನ್ನುವುದೊಂದೇ.

ನಿಜಕ್ಕೂ ಹಿಂಬಾಗಿಲಿಗೆ ಬೀಗ ಬಿದ್ದು ವರ್ಷವಾಗಿತ್ತು. ಹೆಂಗಸರು ಬಟ್ಟೆ ಕದ್ದಾರೆಂದು. ಹೋದ ತಿಂಗಳು ಮೋಟಾರು ಹೊಗೆಯಾಡಿದಾಗ ಎಲ್ಲರೂ ಅಲ್ಲಿಗೇ ಓಡಿ, ನೂಕುನುಗ್ಗಲಲ್ಲಿ ಕಾಲರ್ ಹೊಲಿಯುವವಳ ತೋಳು ಮುರಿದಿತ್ತು. ಮುರಿದ ಕೈಯಿಂದ ಏನು ಹೊಲಿದಾಳೆಂದು ಅವಳನ್ನು ಮನೆಗೆ ಕಳಿಸಿದ್ದರು.

"ಸಾರ್, ಇಲ್ಲ ಅನ್ನೋಕೆ ಇಂಗ್ಲಿಷಲ್ಲಿ ಏನಂತಾರೆ?" ಗುಂಡಿಯವಳು ಕೇಳಿದಳು.

"ನಿನ್ನಪ್ಪನ ತಲೆ ಅಂತಾರೆ. ಅದು ನಿನ್ ಸಿಲಬಸ್ಸಲ್ಲಿಲ್ಲ, ಮುಚ್ಕೊಂಡು ಹೊಲಿ."

ಊಟದ ಹೊತ್ತಿಗೆ ಅವಳು ಇಸ್ತ್ರಿ ತಾತನ ಬಳಿ ಹೋದಳು. ತಾತ ಮೊದಲು ಶಾಲೆಯೊಂದರಲ್ಲಿ ಕಸ ಗುಡಿಸುತ್ತಿದ್ದವನು. ಪೊರಕೆ ಹಿಡಿದು ಕಿಟಕಿಯಾಚೆ ನಿಂತೇ ಮೂವತ್ತು ವರ್ಷ ವ್ಯಾಕರಣ ಕೇಳಿದ್ದ.

"ಈಸ್ ಆದ್ಮೇಲೆ ನಾಟ್ ಹಾಕವ್ವ, ಮುಗೀತು. ಪ್ರಶ್ನೆ ಕೇಳ್ಬೇಕಾ? ಆ ಈಸ್‌ನ ದರದರ ಎಳ್ಕೊಂಡ್ಬಂದು ಮುಂದೆ ನಿಲ್ಸು."

"ಇಷ್ಟೇನಾ ತಾತ? ಇಷ್ಟಕ್ಕೆ ಆ ನನ್ಮಗ ಅಷ್ಟು ಹೆದರ್ತಾನಾ?"

ತಾತ ಕೆಮ್ಮು ಬರುವಷ್ಟು ನಕ್ಕ.

ಶುಕ್ರವಾರ ಬೀಗದ ಮೇಲೆ ಹೊಸ ಪರದೆ ಇಳಿಬಿಟ್ಟಿದ್ದರು. ಮೇಡಂ ಸಾಲುಗಳ ನಡುವೆ ನಡೆದು ಬಂದು, ಪರದೆಯ ಹಿಂದಿನ ಬಾಗಿಲತ್ತ ಬೆರಳು ತೋರಿಸಿ ಗುಂಡಿಯವಳನ್ನೇ ಕೇಳಿದಳು.

"ಈಸ್ ದಟ್ ಡೋರ್ ಓಪನ್?"

ವಾರವಿಡೀ ಉರು ಹೊಡೆದ ಯೆಸ್ ಅವಳ ನಾಲಗೆಯ ತುದಿಗೇ ಬಂದಿತ್ತು. ನುಂಗಿಬಿಟ್ಟಳು.

"ನೋ ಮೇಡಂ. ದಿ ಡೋರ್ ಈಸ್ ನಾಟ್ ಓಪನ್."

ಅಕ್ಕಪಕ್ಕದ ಯಂತ್ರಗಳು ಒಂದೊಂದಾಗಿ ನಿಂತವು. ಸೂಪರ್‌ವೈಸರ್ ಹಲ್ಲು ಕಿರಿದು, ಪಾಪ ಇವಳಿಗೆ ಇಂಗ್ಲಿಷ್ ಸರಿಯಾಗಿ ಬಾರದೆಂದು ಮೇಡಂಗೆ ತಿಳಿಸಿದ. ಗುಂಡಿಯವಳು ಅವನತ್ತ ತಿರುಗಿದಳು.

"ವೇರ್ ಈಸ್ ದಿ ಕೀ, ಸರ್?"

ಮೇಡಂ ಪರದೆ ಸರಿಸಿದಳು. ಬೀಗ ಹಿಡಿದು ಜಗ್ಗಿ ನೋಡಿದಳು. ಮೊಬೈಲ್ ತೆಗೆದು ಫೋಟೊ ಹೊಡೆಯತೊಡಗಿದಳು.

ಸೂಪರ್‌ವೈಸರ್ ಗುಂಡಿಯವಳ ಕಿವಿಯ ಬಳಿ ಬಗ್ಗಿದ. "ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ, ಹಲ್ಕಾ ಮುಂಡೆ."

"ಅದನ್ನ ಇಂಗ್ಲಿಷಲ್ಲಿ ಹೇಳಿ ಸಾರ್," ಎಂದಳು ಅವಳು, ಇಡೀ ಸಾಲಿಗೆ ಕೇಳುವಂತೆ. "ಮೇಡಂಗೂ ಅರ್ಥ ಆಗ್ಲಿ."