ಒಳಗೆ ಬಿಟ್ಟ ಬಟ್ಟೆ

"ಕೈ ಮಡಚ್ತಾ ಇಲ್ಲ ಕಣಮ್ಮ. ರವಿಕೆ ಬೆನ್ನು ಸೀಳಿ ಹಾಕ್ಬಿಡೋಣ, ಆ ದೊಡ್ಡ ಕತ್ತರಿ ತಗೊಂಬಾ," ಎಂದರು ಪಕ್ಕದ ಮನೆ ಅಣ್ಣಮ್ಮ.

"ಬೇಡ!" ಹಂಸ ಅಡ್ಡ ಬಂದಳು. "ಅಜ್ಜಿ ಬಟ್ಟೆಗೆ ಕತ್ತರಿ ಹಾಕ್ಬೇಡಿ. ನಾನು ಪಕ್ಕದ ಹೊಲಿಗೆ ಬಿಚ್ಕೊಡ್ತೀನಿ."

ಹೆಂಗಸರು ಸರಿದು ಜಾಗ ಬಿಟ್ಟರು. ನಲವತ್ತು ವರ್ಷ ಹಲಸೂರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದ ಆಂಜನಮ್ಮ ನಡುಮನೆಯಲ್ಲಿ ಉಸಿರಿಲ್ಲದೆ ಮಲಗಿದ್ದರು. ಹತ್ತೊಂಬತ್ತರ ಮೊಮ್ಮಗಳು ಪಕ್ಕದಲ್ಲಿ ಕೂತು ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತತೊಡಗಿದಳು. ಬಾಗಿಲ ಬಳಿ ನಿಂತಿದ್ದ ಸೊಸೆ ಸುಕನ್ಯಳ ಕಣ್ಣು ಮಾತ್ರ ಅತ್ತೆಯ ಮೇಲಿರಲಿಲ್ಲ, ಮಗಳ ಮಣಿಕಟ್ಟಿನ ಮೇಲಿತ್ತು. ನಿನ್ನೆ ಮಧ್ಯಾಹ್ನದಿಂದ ಹಂಸ ಏನೂ ತಿಂದಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಯಾರೂ ತಿಂದಿಲ್ಲ, ಸರಿ. ಆದರೆ ಎಲ್ಲರೂ ತಿನ್ನುವ ಹೊತ್ತು ಬರುತ್ತದಲ್ಲ, ಆಗ? ದಿನಾ ಆ ಹುಡುಗಿಯ ಎದುರು ತಟ್ಟೆ ಇಟ್ಟುಕೊಂಡು ಕೂರುತ್ತಿದ್ದವರು ಇನ್ನು ಕೂರುವುದಿಲ್ಲ.

* * *

ಹೋದ ವರ್ಷ ಸುಕನ್ಯ ಬೀಗಿದ್ದೇ ಬೀಗಿದ್ದು. ಮಗಳು ಶನಿವಾರ ಆಂಜನೇಯನಿಗೆ ಒಪ್ಪತ್ತು ಹಿಡಿದಳು, ಆಮೇಲೆ ಸೋಮವಾರ ಸೇರಿತು, ಗುರುವಾರವೂ ಸೇರಿತು. "ನಮ್ಮ ಹಂಸಂಗೆ ಎಷ್ಟು ಭಕ್ತಿ ಅಂತೀರಾ!" ಎಂದು ಬಾಣಸವಾಡಿಯ ನೆಂಟರಿಗೆಲ್ಲ ಫೋನು. "ಸಣ್ಣ ಆಗಿ ಎಷ್ಟು ಲಕ್ಷಣವಾಗಿ ಕಾಣ್ತಾಳೆ" ಎಂದು ಅವರೂ ಸೇರಿಸಿದರು. ಹುಡುಗಿ ತಾನೇ ನಿಂತು ಮನೆಮಂದಿಗೆಲ್ಲ ಬಿಸಿಬೇಳೆಬಾತ್ ಮಾಡಿ ಬಡಿಸುತ್ತಿದ್ದಳು. ತಾನು ಮಾತ್ರ ಕಾಲೇಜಿನಲ್ಲೇ ತಿಂದು ಬಂದೆ ಎನ್ನುತ್ತಿದ್ದಳು.

ಒಂದು ದಿನ ನೆಂಟರ ಮದುವೆಗೆಂದು ಮೊಮ್ಮಗಳ ಅಳತೆ ತೆಗೆದ ಆಂಜನಮ್ಮ, ಟೇಪು ಕೊರಳಲ್ಲಿದ್ದಂತೆಯೇ ಅಡುಗೆಮನೆಗೆ ಬಂದರು.

"ಸುಕನ್ಯಾ, ಇವಳ ಬಟ್ಟೆ ಸಡಿಲ ಆಯ್ತು ಅಂತ ಮೂರು ತಿಂಗಳಲ್ಲಿ ಮೂರು ಸಲ ಒಳಗೆ ಹಿಡಿದು ಹೊಲಿದಿದೀನಿ."

"ವ್ರತ ಅಲ್ವಾ ಅತ್ತೆ, ಸ್ವಲ್ಪ ಇಳಿದಿದಾಳೆ."

"ಯಾವ ವ್ರತಾನೇ? ಒಪ್ಪತ್ತು ಇರೋರು ಯಾವಾಗ ಊಟಕ್ಕೆ ಕೂರ್ತೀನೋ ಅಂತ ಗಡಿಯಾರ ನೋಡ್ತಾರೆ. ಇವಳು ಊಟದ ಹೊತ್ತಿಗೇ ಮಾಯ ಆಗ್ತಾಳೆ! ಬಚ್ಚಲಲ್ಲಿ ಕೂದಲ ಉಂಡೆ ನೋಡಿದ್ಯಾ? ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಯಾಕೆ? ಮುಟ್ಟು ನಿಂತು ಎಷ್ಟು ದಿನ ಆಯ್ತು ಅಂತ ಕೇಳಿದ್ಯಾ? ಈಗ ಕನ್ನಡಿ ನೋಡ್ಕೊಂಡು, 'ಅಜ್ಜಿ, ಎಷ್ಟು ದಪ್ಪ ಇದೀನಿ' ಅಂತ ಅತ್ತಳು ಕಣೆ. ಟೇಪು ನನ್ನ ಕೈಲೇ ಇತ್ತು."

ಸುಕನ್ಯ ಒಲೆ ಆರಿಸಿದಳು. ಮರುದಿನವೇ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ, ದಪ್ಪ ಆಗುವ ಭಯಕ್ಕೆ ಊಟ ಬಿಡುವ ಅನೊರೆಕ್ಸಿಯಾ ಎಂದರು. ಇದು ಹಟವೂ ಅಲ್ಲ, ಭಕ್ತಿಯೂ ಅಲ್ಲ, ಕಾಯಿಲೆ. ಬೈದರೆ ಹೋಗುವುದಿಲ್ಲ, ವಾಸಿಯಾಗಲು ಸಮಯ ಬೇಕು, ಈಗಲಾದರೂ ಬಂದಿರಲ್ಲ ಎಂದರು. ಆಟೋದಲ್ಲಿ ಸುಕನ್ಯ ಬಾಯಿಗೆ ಸೆರಗು ಹಿಡಿದು ಅತ್ತಳು.

"ನನ್ನ ಕಣ್ಣಿಗೆ ಏನಾಗಿತ್ತು ಅತ್ತೆ?"

"ದಿನಾ ನೋಡೋ ಕಣ್ಣಿಗೆ ಗೊತ್ತಾಗಲ್ಲ ಬಿಡು. ನಂಗೂ ಟೇಪು ಹೇಳ್ತು ಅಷ್ಟೇ."

ಅಂದಿನಿಂದ ಆಸ್ಪತ್ರೆಯ ಓಡಾಟ ಒಂದು ಕಡೆ, ಆಂಜನಮ್ಮನ ತಟ್ಟೆ ಇನ್ನೊಂದು ಕಡೆ. ತಿನ್ನು ತಿನ್ನು ಎಂದು ಅವರು ಜೀವ ತಿನ್ನುತ್ತಿರಲಿಲ್ಲ. ಎದುರು ಕೂತು, ರವಿಕೆಯ ಕುತ್ತಿಗೆ ನಾಲ್ಕು ಸಲ ಬದಲಾಯಿಸಿದ ಗಿರಾಕಿಯ ಕತೆ ಹೇಳಿಕೊಂಡು ತಾವು ಉಣ್ಣುತ್ತಿದ್ದರು. ಹುಡುಗಿ ಚೇತರಿಸಿಕೊಂಡು ಬಟ್ಟೆ ಬಿಗಿಯಾದ ದಿನವೇ ಗಂಡಾಂತರ. ಮತ್ತೆ ತಟ್ಟೆ ತಳ್ಳುತ್ತಿದ್ದಳು. ಆಗ ಆಂಜನಮ್ಮ ಸೂಜಿ ತಂದು, ತಾವೇ ಒಳಗೆ ಹಿಡಿದಿದ್ದ ಒಂದು ಸಾಲು ಬಿಚ್ಚುತ್ತಿದ್ದರು. "ತಪ್ಪು ಹೊಲಿಗೇದು ಕಣೆ, ನಿಂದಲ್ಲ. ಒಳಗೆ ಬಟ್ಟೆ ಬಿಟ್ಟಿದೀನಿ." ಮೂರು ಸಾಲಿನಲ್ಲಿ ಎರಡು ಬಿಚ್ಚಿಯಾಗಿತ್ತು.

* * *

ಮಣ್ಣು ಮಾಡಿ ಬಂದವರು ಸ್ನಾನ ಮಾಡಿ ದೀಪ ನೋಡಿದರು. ಅಣ್ಣಮ್ಮನ ಮನೆಯಿಂದ ಅನ್ನ, ಸಾರು ಬಂತು. ಎಲ್ಲರೂ ಕೂತರು.

"ಹಂಸ ಎಲ್ಲಿ?" ಎಂದ ಅವಳಪ್ಪ ವಸಂತ್.

"ಬಿಡಪ್ಪಾ, ಅಜ್ಜಿ ಹೋದ ದುಃಖ. ಒಂದು ದಿನ ತಿನ್ನದಿದ್ರೆ ಏನಾಗುತ್ತೆ? ಬಲವಂತ ಮಾಡ್ಬೇಡಿ," ಎಂದರು ಅಣ್ಣಮ್ಮ.

ಹೌದು ಎನ್ನಲು ಬಾಯಿ ತೆರೆದಿದ್ದ ಸುಕನ್ಯಳಿಗೆ ಅತ್ತೆಯ ಮಾತು ನೆನಪಾಯಿತು. ಊಟದ ಹೊತ್ತಿಗೇ ಮಾಯ! ಎರಡು ತಟ್ಟೆಗೆ ಬಡಿಸಿಕೊಂಡು ದಡದಡನೆ ಮಹಡಿ ಹತ್ತಿದಳು.

ಹಂಸ ಹೊಲಿಗೆ ಮಿಷನ್ನಿನ ಮುಂದೆ, ಕಂಕುಳು ಹಿಡಿದುಕೊಂಡು ಕೂತಿದ್ದಳು.

"ಟಾಪ್ ಬಿಗಿ ಆಗ್ತಿದೆ ಅಮ್ಮ. ಬೆಳಗ್ಗೆಯಿಂದ ತಲೇಲಿ ಅದೇ ಓಡ್ತಿದೆ. ಅಜ್ಜಿ ಹೋಗಿದಾರೆ, ನಂಗೆ ಇದೇ ಯೋಚನೆ. ಥೂ, ನನ್ನ ಜನ್ಮಕ್ಕೆ."

ಸುಕನ್ಯಳಿಗೆ ಒಂದು ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ. ಆದರೂ ತಟ್ಟೆ ಕೆಳಗಿಟ್ಟಳು, ಬೆಳಗಿನ ಅದೇ ಸೂಜಿ ಹುಡುಕಿ ತೆಗೆದಳು.

"ಎಡಗೈ ಎತ್ತು."

ಅತ್ತೆ ಉಳಿಸಿದ್ದ ಮೂರನೇ ಸಾಲಿನ ಮೊದಲ ಹೊಲಿಗೆ ಎತ್ತುವಾಗಲೇ ಬೆರಳಿಗೆ ಚುಚ್ಚಿತು. ಚೀಪಿಕೊಂಡು ಮತ್ತೆ ಹಿಡಿದಳು. "ತಪ್ಪು ಹೊಲಿಗೇದು ಕಣೆ..." ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೊತ್ತಮ್ಮ," ಎಂದಳು ಹಂಸ. ಅವಳೂ ಅಳುತ್ತಿದ್ದಳು. "ನೀನೂ ತಿಂದಿಲ್ಲ."

"ನೀನು ಕಲಸು. ಇದೊಂದು ಸಾಲು ಮುಗಿಸಿ ನಾನೂ ಕೂರ್ತೀನಿ."

ದಾರದ ತುಂಡುಗಳು ಸುಕನ್ಯಳ ಸೆರಗಿನ ಮೇಲೆ ಉದುರಿದವು. ಮಡಿಕೆಯೊಳಗಿದ್ದ ಬಟ್ಟೆ ಬೆರಳಗಲ ಹೊರಗೆ ಬಂತು, ಅದರ ಬಣ್ಣ ಇನ್ನೂ ಮಾಸಿರಲಿಲ್ಲ. ಎಡಗೈ ಮೇಲೆತ್ತಿಕೊಂಡೇ ಹಂಸ ಬಲಗೈಯನ್ನು ತಟ್ಟೆಗೆ ಚಾಚಿದಳು.