ಗುರುವಿನ ಮೂರು ಚಂದ್ರ

"ಎಡಗಣ್ಣು ಮುಚ್ಚಿಕೊಳ್ಳಿ ಅತ್ತೆ, ಅಂಗೈ ಅಡ್ಡ ಹಿಡಿದರೂ ಆಯ್ತು," ಎಂದಳು ಸೊಸೆ ಸೌಮ್ಯ. "ಬಲಗಣ್ಣಲ್ಲಿ ನೋಡಿ. ಕೊಳವೆ ಮುಟ್ಟಬೇಡಿ, ಅಲುಗಿದರೆ ಗುರು ಓಡಿಹೋಗ್ತಾನೆ."

ಸುಶೀಲ ಎಡಗಣ್ಣಿಗೆ ಅಂಗೈ ಒತ್ತಿಕೊಂಡು ಬಗ್ಗಿದಳು. ಟೆಲಿಸ್ಕೋಪಿನ ತಣ್ಣನೆಯ ಅಂಚು ಬಲಗಣ್ಣಿನ ಸುತ್ತ ಬಳೆಯ ಹಾಗೆ ಕೂತಿತು. ಒಳಗೆ ಏನೂ ಇರಲಿಲ್ಲ. ಕತ್ತಲೆ ಎನ್ನೋಣವೆಂದರೆ ಅದೂ ಅಲ್ಲ. ಅಕ್ಕಿ ತೊಳೆದ ನೀರಿಗೆ ಬೂದಿ ಕದಡಿದಂಥ ಒಂದು ಬಣ್ಣ. ಅವಳು ಉಸಿರು ಹಿಡಿದು ಕಾದಳು. ಬಣ್ಣ ಹಾಗೆಯೇ ನಿಂತಿತ್ತು.

"ಕಂಡಿತಾ?"

"ಕಂಡಿತು."

"ಚಂದ್ರ ಎಷ್ಟಿವೆ?"

ಮಧ್ಯಾಹ್ನ ಊಟಕ್ಕೆ ಕೂತಾಗ ಸೌಮ್ಯ ಹೇಳಿದ್ದು ಸುಶೀಲಳಿಗೆ ನೆನಪಿತ್ತು. ಗುರು ಗ್ರಹಕ್ಕೆ ತೊಂಬತ್ತಕ್ಕೂ ಮಿಕ್ಕಿ ಚಂದ್ರಗಳಂತೆ, ಶಾಲೆಯ ಈ ಟೆಲಿಸ್ಕೋಪಿಗೆ ಕಾಣಿಸುವುದು ದೊಡ್ಡವು ನಾಲ್ಕಂತೆ.

"ನಾಲ್ಕು," ಎಂದಳು.

ಪಕ್ಕದ ಮನೆಯ ಜಿಷಾ ಕಣದ ಕಟ್ಟೆಯ ಮೇಲಿಂದಲೇ ಕೂಗಿದಳು. ಅವಳ ತಾಯಿಯ ಊರು ಕರ್ನಾಟಕದ ಗಡಿಯ ಬಾವಲಿ. ಕನ್ನಡ ಮಾತಾಡುತ್ತಿದ್ದಳು, ಅರ್ಧ ಮಲಯಾಳ ಬೆರೆಸಿ, ಅಕ್ಕ ಎನ್ನುವಲ್ಲಿ ಚೇಚಿ ಎನ್ನುತ್ತ. "ನಾಲ್ಕಾ ಚೇಚಿ? ನಂಗೆ ಮೂರೇ ಅಲ್ಲವಾ ಕಂಡಿದ್ದು? ಟೀಚರೇ, ನಿಮ್ಮ ಅತ್ತೆಗೆ ಒಂದು ಹೆಚ್ಚು ತೋರಿಸಿ ನನ್ನ ಪಟ್ಟಿಸಿ ಮೋಸ ಮಾಡಿದ್ದಾ?"

"ಬಡಿಸೋ ಕೈ ಅವಳದು," ಎಂದ ಸುಶೀಲಳ ಗಂಡ ಧರ್ಮರಾಜ, ಒಣಹಾಕಿದ್ದ ಕಾಫಿಯ ಮೇಲೆ ಟಾರ್ಪಾಲು ಎಳೆಯುತ್ತ. "ಎಲ್ಲದರಲ್ಲೂ ಒಂದು ಹಿಡಿ ಹೆಚ್ಚೇ."

ಜಿಷಾ ನಕ್ಕಳು. ಸೌಮ್ಯ ನಗಲಿಲ್ಲ. ತಾನೇ ಬಗ್ಗಿ ನೋಡಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು: "ಒಂದು ಚಂದ್ರ ಗುರುವಿನ ಹಿಂದೆ ಹೋಗಿದೆ, ಜಿಷಾ ಚೇಚಿ. ಬರೋಕೆ ಇನ್ನೆರಡು ಗಂಟೆ ಬೇಕು."

ಸುಶೀಲ ಎಡಗೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಅಂಗೈ ಒದ್ದೆಯಾಗಿತ್ತು.

"ಅಲ್ಲಿಗೆ ಹೋಗೋಕೆ ಆಗುತ್ತಾ ಟೀಚರೇ?" ಜಿಷಾ ಕೇಳುತ್ತಿದ್ದಳು.

"ಹೋದರೆ ನಿಲ್ಲೋದೆಲ್ಲಿ? ನೆಲವೇ ಇಲ್ಲ. ಇಡೀ ಗ್ರಹ ಅನಿಲ. ಕಾಲಿಟ್ಟರೆ ಬೀಳ್ತಾನೇ ಇರಬೇಕು."

"ನಮ್ಮ ರತೀಶೇಟ್ಟನ ಆಟೋ ಹತ್ತಿದ ಹಾಗೆ."

"ಅಲ್ಲೊಂದು ಬಿರುಗಾಳಿ ಇದೆ, ಕೆಂಪಗೆ. ನಮ್ಮ ಭೂಮಿಯನ್ನೇ ನುಂಗೋ ಅಷ್ಟು ದೊಡ್ಡದು. ನೂರಾರು ವರ್ಷದಿಂದ ಸುತ್ತುತ್ತಲೇ ಇದೆ. ಅಡ್ಡಕ್ಕೆ ಬೆಟ್ಟ ಇಲ್ಲ, ನೆಲ ಇಲ್ಲ, ಯಾವುದು ನಿಲ್ಲಿಸಬೇಕು? ಇನ್ನೊಂದು ಚಂದ್ರನ ಮೇಲೆಲ್ಲ ಬರೀ ಮಂಜುಗಡ್ಡೆ. ಕೆಳಗೆ ಸಮುದ್ರ ಇದೆ ಅಂತಾರೆ. ಬೆಳಕು ಅನ್ನೋದು ಒಮ್ಮೆಯೂ ಮುಟ್ಟದ ಸಮುದ್ರ."

ಸುಶೀಲ ಅಡುಗೆಮನೆಗೆ ನಡೆದಳು. ಮೆಟ್ಟಿಲು ಹತ್ತುವಾಗ ಬಲಗಡೆಯ ಕಂಬ ಭುಜಕ್ಕೆ ತಾಗಿತು. ಈಚೆಗೆ ಅದು ದಿನವೂ ತಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ಶುರುವಾಗಿತ್ತು. ಮೊದಲು ಮೂಲೆಯಲ್ಲೊಂದು ನೆರಳು, ಆಮೇಲೆ ಇಳಿಬಿಟ್ಟ ಪರದೆಯಂತೆ ದಿನಕ್ಕೊಂದು ಎಳೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೋಳಿಕ್ಕೋಡಿನ ಆಸ್ಪತ್ರೆ, ಅಲ್ಲಿ ಡಾಕ್ಟರು ತಾಯಿಗೆ ಹೇಳಿದ್ದೇ ಮಾತು, ಏನೂ ಮಾಡುವಂತಿಲ್ಲ ಅಂತ. ಅವಳ ತಾಯಿಗೂ ಹೀಗೇ ಬಲಗಣ್ಣಿನಿಂದಲೇ ಹಿಡಿದದ್ದು. ವರ್ಷದೊಳಗೆ ಎರಡೂ ಹೋದವು. ಹತ್ತೊಂಬತ್ತು ವರ್ಷ ಹೊಸ್ತಿಲ ಬಳಿ ಕೂತು, ಹೆಜ್ಜೆ ಸಪ್ಪಳವಾದಾಗಲೆಲ್ಲ "ಯಾರದು?" ಎಂದು ಕೇಳುತ್ತಿದ್ದಳು. ಕೊನೆಕೊನೆಗೆ ಬಂದವರು ಉತ್ತರ ಕೊಡುವುದನ್ನೇ ಬಿಟ್ಟಿದ್ದರು. ಸುಶೀಲಳೂ ಕೆಲವು ಸಲ ಕೊಟ್ಟಿರಲಿಲ್ಲ.

ಕಪಾಟಿನ ಮೇಲೆ ನಾಳೆಯ ಅಕ್ಕಿ, ಬಿಳಿ ಬಟ್ಟೆ ಕಟ್ಟಿದ ಪಾತ್ರೆಯಲ್ಲಿತ್ತು. ಮೂರು ದಿನದ ಹಿಂದೆ ಬಾವಲಿಯ ಕಡೆಯಿಂದ ಕಾಡುದಾರಿಯಲ್ಲಿ ನಡೆದು ಬಂದ ಮಾತಾಜಿ ಬಸದಿಯಲ್ಲಿ ಇಳಿದುಕೊಂಡಿದ್ದರು. ಎಪ್ಪತ್ತು ದಾಟಿದ ಸನ್ಯಾಸಿನಿ. ದಿನಕ್ಕೊಂದೇ ಊಟ, ಬೊಗಸೆಯಲ್ಲಿ. ಅನ್ನದಲ್ಲಿ ಒಂದು ಕೂದಲು ಬಂದರೆ, ಒಂದು ಸತ್ತ ಹುಳು ಬಂದರೆ, ಅಲ್ಲಿಗೆ ಮುಗಿಯಿತು; ಕೈಬಿಟ್ಟು ಎದ್ದುಬಿಡುತ್ತಾರೆ. ಮಾರನೆಯ ದಿನದವರೆಗೆ ನೀರೂ ಇಲ್ಲ. ಊರಲ್ಲಿ ಉಳಿದಿದ್ದ ಜೈನರ ಮನೆ ಎರಡೇ, ಇನ್ನೊಂದು ಮನೆಗೆ ಸೂತಕ ಬಂದಿತ್ತು. ನಾಳೆಯ ಆಹಾರ ಇಲ್ಲಿಯೇ.

ಅಕ್ಕಿಯನ್ನು ಸುಶೀಲ ಬಿಸಿಲಿನಲ್ಲೇ ಆರಿಸಿದ್ದಳು, ಮೂರು ಸಲ. ಕಳೆದ ವಾರವೂ ಮೂರು ಸಲವೇ ಆರಿಸಿದ್ದಳು. ಆದರೂ ಧರ್ಮರಾಜ ಊಟದ ನಡುವೆ "ಸಾಕು" ಎಂದು ಎದ್ದುಹೋಗಿದ್ದ. ಎಲೆ ಎತ್ತುವಾಗ ನೋಡಿದರೆ ಅಂಚಿಗೆ ಸರಿಸಿಟ್ಟ ಒಂದು ಅನ್ನದ ಅಗುಳು, ಅದಕ್ಕಂಟಿದ ಒಂದು ಬೆಂದ ಹುಳು. ಅವನು ಏನೂ ಅಂದಿರಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ಅತ್ತೆ." ಸೌಮ್ಯ ಬಾಗಿಲಲ್ಲಿ ನಿಂತಿದ್ದಳು. ಮದುವೆಯಾಗಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಹೊಸ್ತಿಲು ದಾಟುವ ಮುಂಚೆ ಈಗಲೂ ಒಂದು ಗಳಿಗೆ ನಿಲ್ಲುತ್ತಿದ್ದಳು. "ನೀವು ನೋಡಿದಾಗ ಅಲ್ಲಿ ಮೂರೇ ಇದ್ದದ್ದು."

"ಮೂರಾದರೇನು ನಾಲ್ಕಾದರೇನು. ನಿನ್ನ ಸ್ಕೂಲು ಮಕ್ಕಳ ಪರೀಕ್ಷೆ ನನಗೆ ಮಾಡಬೇಡ."

"ಪರೀಕ್ಷೆ ಅಲ್ಲ. ನನಗೆ ಪೇಡಿ ಆಯ್ತು, ಅದಕ್ಕೆ ಬಂದೆ."

"ನಿನಗ್ಯಾಕೆ ಹೆದರಿಕೆ? ಹೋಗು, ಬೆಳಿಗ್ಗೆ ಬೇಗ ಏಳಬೇಕು."

ಸೌಮ್ಯ ಹೋದಳು. ಸುಶೀಲ ಎಡಗಣ್ಣು ಮುಚ್ಚಿ ಬಲ್ಬಿನ ಕಡೆ ತಿರುಗಿದಳು. ಮೇಲಂಚಿನಲ್ಲಿ ಉಗುರಿನಷ್ಟು ಬೆಳಕು. ನಿನ್ನೆ ಇದಕ್ಕಿಂತ ಅಗಲವಿತ್ತೋ ಇಲ್ಲವೋ, ಗೊತ್ತಾಗಲಿಲ್ಲ. ನಾಳೆ ಬಾಗಿಲಲ್ಲಿ ಕಲಶ ಹಿಡಿದು ನಿಂತು ಮಾತಾಜಿಗೆ ಹೇಳಬೇಕಾದ ಮಾತುಗಳು ತಾವಾಗಿಯೇ ನಾಲಿಗೆಗೆ ಬಂದವು: ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ. ಎರಡನೆಯದಕ್ಕೇ ನಿಲ್ಲಿಸಿ ಬಲ್ಬು ಆರಿಸಿದಳು. ಹಾಸಿಗೆಯಲ್ಲಿ ಬಿದ್ದುಕೊಂಡರೂ, ಹಿಡಿಯಲು ಏನೂ ಸಿಗದೆ ಕೆಳಗೆ ಹೋಗುತ್ತಿರುವ ಹಾಗೆಯೇ ಇತ್ತು.

ಸೂರ್ಯ ಹುಟ್ಟಿ ಕಣದ ಮೇಲೆ ಬೆಳಕು ಬೀಳುತ್ತಲೇ ಅವಳು ಪಾತ್ರೆಯನ್ನೂ ಮೊರವನ್ನೂ ತಂದು ಜಗಲಿಯಲ್ಲಿ ಸೌಮ್ಯಳ ಮುಂದಿಟ್ಟಳು. ಸೌಮ್ಯ ಆಗಲೇ ಮಿಂದು ಮಡಿ ಸೀರೆ ಉಟ್ಟಿದ್ದಳು.

"ಇದನ್ನ ಇನ್ನೊಂದು ಸಲ ಆರಿಸು ಮೋಳೇ," ಎಂದಳು, ಮಗಳನ್ನು ಕರೆಯುವ ಹಾಗೆ.

"ನೀವು ನಿನ್ನೆಯೇ ಆರಿಸಿದ್ದಿರಲ್ಲ."

"ಬಲಗಣ್ಣು ಕಾಣಲ್ಲ ನನಗೆ. ದೀಪಾವಳಿಯಿಂದ."

ಹೇಳಿದ್ದು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ದನಿ ಅಷ್ಟು ಸಣ್ಣಗಿತ್ತು. ಸೌಮ್ಯ ಮೊರವನ್ನು ಬೆಳಕಿಗೆ ಎಳೆದುಕೊಂಡು ಕೇಳಿದಳು:

"ಎಡಗಣ್ಣು?"

"ಇದೆ. ಇದೆ ಅಂದುಕೊಂಡಿದ್ದೀನಿ."

"ಮಾತಾಜಿ ಊಟ ಮುಗಿದ ಕೂಡಲೆ ಕಲ್ಪೆಟ್ಟದ ಆಸ್ಪತ್ರೆಗೆ ಹೋಗೋಣ. ನಾನು ರಜೆ ಹಾಕ್ತೀನಿ. ಮಾವನಿಗೂ ನಾನೇ ಹೇಳ್ತೀನಿ."

"ಅವರಿಗೆ ನಾನೇ ಹೇಳಬೇಕು."

ಧರ್ಮರಾಜ ಬಾವಿಕಟ್ಟೆಯಲ್ಲಿ ನೀರು ಸೋಸುತ್ತಿದ್ದ. ಸುಶೀಲ ಹೋಗಿ ಹೇಳಿದ್ದನ್ನು ಕೇಳಿಸಿಕೊಂಡು ಹಗ್ಗ ಹಿಡಿದೇ ನಿಂತ. "ಆವತ್ತು ಊಟ ಬಿಟ್ಟು ಎದ್ದಾಗ ನಾನೇ ಕೇಳಬೇಕಿತ್ತು," ಎಂದ. ಹಗ್ಗವನ್ನು ಕಟ್ಟೆಯ ಮೇಲಿಟ್ಟು, "ಕೇಳೋಕೆ ಹೆದರಿಕೆ ಆಯ್ತು ಕಣೇ," ಎಂದ.

ಸುಶೀಲ ಜಗಲಿಗೆ ಮರಳುವಾಗ ಸೌಮ್ಯ ಎಲೆಯ ತುಂಡೊಂದನ್ನು ಅಂಗೈಯಿಂದ ಮರೆಮಾಡಿಕೊಂಡು ಎದ್ದಿದ್ದಳು.

"ಏನಾದರೂ ಸಿಕ್ಕಿತಾ?"

"ಒಂದೆರಡು," ಎಂದು ಅವಳು ಕಾಫಿ ಗಿಡದ ಬುಡಕ್ಕೆ ಹೋಗಿ ಎಲೆಯನ್ನು ಅಲ್ಲಿಟ್ಟು ಬಂದಳು.

ಒಂಬತ್ತೂವರೆಗೆ ಮಾತಾಜಿ ನವಿಲುಗರಿಯ ಪಿಂಛಿ ಹಿಡಿದು ನಿಧಾನವಾಗಿ ಬಂದರು. ಬಾಗಿಲಲ್ಲಿ ಸುಶೀಲ ಹೇಳಬೇಕಾದ್ದೆಲ್ಲ ಹೇಳಿದಳು. ಎರಡನೆಯ ಮಾತೂ ಹೊರಗೆ ಬಂತು. ಒಳಗೆ, ಮಾತಾಜಿ ಹಲಗೆಯ ಮೇಲೆ ಕೂತು ಬೊಗಸೆ ಒಡ್ಡಿದಾಗ, ಅವಳು ಸೌಟನ್ನು ಸೊಸೆಯ ಕೈಗೆ ಕೊಟ್ಟು ತಾನು ನೀರಿನ ತಂಬಿಗೆ ಹಿಡಿದು ಹಿಂದೆ ಸರಿದಳು. ಇಪ್ಪತ್ತೆಂಟು ವರ್ಷದಲ್ಲಿ ಆ ಸೌಟು ಬೇರೆ ಕೈಗೆ ಹೋದದ್ದು ಇದೇ ಮೊದಲು.

ಸೌಮ್ಯ ಹೆಸರುಬೇಳೆಯ ಹುಗ್ಗಿ ಬಡಿಸಿದಳು. ಮಾತಾಜಿ ಬಿಸಿ ಅನ್ನವನ್ನು ಹೆಬ್ಬೆರಳಿನಿಂದ ಅಗುಳಗುಳಾಗಿ ಬಿಡಿಸಿ ನೋಡಿ ಬಾಯಿಗಿಟ್ಟುಕೊಳ್ಳುತ್ತಿದ್ದರು. ಒಂದು ತುತ್ತು. ಇನ್ನೊಂದು. ಹಾಗೆ ಬಿಡಿಸುತ್ತಿದ್ದ ಹೆಬ್ಬೆರಳು ಒಂದು ಕಡೆ ನಿಂತಿತು.

ಬೊಗಸೆಯಲ್ಲಿ ಏನೋ ಕಪ್ಪಗಿತ್ತು. ನಿಂತಲ್ಲಿಂದ ಸುಶೀಲಳಿಗೆ ಅಷ್ಟೇ ಕಂಡದ್ದು. ಸೌಮ್ಯಳ ಸೌಟು ಗಾಳಿಯಲ್ಲೇ ಉಳಿಯಿತು. ಮಾತಾಜಿ ಕೈಗಳನ್ನು ಬೆಳಕಿನ ಕಡೆ ತುಸು ತಿರುಗಿಸಿದರು. ಸುಶೀಲ ತಂಬಿಗೆಯನ್ನು ಎದೆಗೊತ್ತಿಕೊಂಡು ಎಡಗಣ್ಣನ್ನೂ ಮುಚ್ಚಿಬಿಟ್ಟಳು.

ಮನೆ ಅಷ್ಟು ನಿಶ್ಶಬ್ದವಾಗಿತ್ತು. ಆ ಕತ್ತಲೆಯಲ್ಲಿ ಅವಳಿಗೆ ಮುದಿ ಹಲ್ಲುಗಳ ನಡುವೆ ಕಟುಕ್ಕೆಂದು ಒಡೆದ ಒಂದು ಕಾಳುಮೆಣಸಿನ ಸಪ್ಪಳ ಕೇಳಿಸಿತು.